ಬಾಡಿಗಿ ಲಿಂಬಿಹಣ್ಣು

ಇಂಡಿ ಬಸ್ ಸ್ಟ್ಯಾಂಡಿನಿಂದ ಹೊರಬಿದ್ದು, ಟಂಟಂ ಆಟೋ ನಿಲ್ಲೂ ಮೂಲಿ ದಾಟಿ, ಎಡಕ್ಕ ಹೊಳ್ಳಿದ್ರ ಒಂದು ಹಳೀ ಕಲ್ಲಿನ ಮನಿ ಐತಿ. ಅದರ ಒಡತಿ ಬಾಳಮ್ಮ. ಆಕಿ ಹಾಕಿದ ಲಿಂಬಿ ಉಪ್ಪಿನಕಾಯಿ ತಿಂದಾಂವ ಎರಡನೇ ಸಲ ಬರಲಿಲ್ಲ ಅನ್ನೂ ಮಾತು ಈ ತಾಲೂಕಿನ್ಯಾಗ ಯಾರೂ ಕೇಳಿಲ್ಲ. ಬಾಗೇವಾಡಿಯವ್ರು ಬರ್ತಾರ, ಮುದ್ದೇಬಿಹಾಳದವ್ರು ಬರ್ತಾರ, ಕೊಲ್ಹಾರದಿಂದ ಮೊಸರು ಮಾರಾಕ ಬಂದ ಹೆಣ್ಮಕ್ಕಳು ಹೊಳ್ಳಿ ಹೋಗೂಮುಂದ ಸೆರಗಿನ್ಯಾಗ ಒಂದು ಭರಣಿ ಕಟಗೊಂಡು ಬಸ್ ಹತ್ತತಾರ. ಆದ್ರ ಬಂದವ್ರೆಲ್ಲಾ ಹಿತ್ತಲ ಬಾಗಿಲಿಗೆ ಬರಬೇಕು. ಮನಿ ಬಗಲಿನ ಸಂದಿ ಹೊಕ್ಕು, ಗಟಾರ ಜಿಗಿದು, ನೆರೆಮನಿ ಸಾವಿತ್ರವ್ವನ ಎಮ್ಮಿ ಬೀಸೂ ಬಾಲದಿಂದ ಮಾರಿ ಉಳಿಸಿಕೊಂಡು, ಅಲ್ಲೆ ಒಂದು ಗಿಡ್ಡ ಸ್ಟೂಲ್ ಮ್ಯಾಲ ಕುಂತ ಬಾಳಮ್ಮನ ಮುಂದ ನಿಲ್ಲಬೇಕು.

ಮನಿ ಆಕೀದು ಅಂದಮ್ಯಾಲ ಆಕಿ ಯಾಕ ಮುಂದ ಕೂಡಬಾರದು ಅಂತ ನೀವು ಕೇಳಬಹುದು. ಕೇಳ್ರಿ. ಬಾಳಮ್ಮನೂ ಅದನ್ನ ಕೇಳಾಕತ್ತು ಭಾಳ ವರ್ಷ ಆಗಿತ್ತು.

ಹಲಸಂಗಿಯಿಂದ ಸೊಸಿಯಾಗಿ ಬಂದಾಗ ಅತ್ತಿ ಹೇಳಿದ್ಳು, ಸೊಸ್ತೇರು ಮುಂಬಾಗಿಲದಾಗ ನಿಂತ್ರ ಮನಿ ಮಾನ ರಸ್ತೆಕ್ಕ ಬೀಳ್ತೈತಿ ಅಂತ. ಸರಿ ಅಂತ ಬಾಳಮ್ಮ ಹಿಂದ ಉಳದ್ಳು. ಅತ್ತಿ ಶಿವನ ಪಾದ ಸೇರಿದ್ಳು. ಇನ್ನರೆ ಮುಂದ ಒಂದು ಖುರ್ಚಿ ಹಾಕ್ಕೊಂಡು ಕೂಡಬೇಕು ಅಂತ ಆಕಿ ಮನಸಿನ್ಯಾಗ ಅಂದುಕೊಳ್ಳೂದ್ರಾಗ, ಗಂಡ ಖಂಡೆಪ್ಪ ಮುಂದಿನ ಖೋಲಿಯನ್ನ ಲಿಂಬಿ ದಲಾಲಿ ಸಿದ್ದಾರೂಢನಿಗೆ ಬಾಡಿಗಿಗೆ ಮಾತಾಡಿ ಬಂದು, ಕಾಲು ಚಾಚಿ ಊಟಕ್ಕ ಕುಂತಿದ್ದ. ಆ ಸಿಟ್ಟು ಆಕಿಗೆ ಇವತ್ತಿಗೂ ಆರಿಲ್ಲ, ಆರಬೇಕಂತ ನನಗೂ ಅನಸೂದಿಲ್ಲ.

ಆದ್ರ ಮನಿ ಬಾಳಮ್ಮನ ಹೆಸರಿಗೆ ಇತ್ತು. ಖಂಡೆಪ್ಪನ ಇಸ್ಪೀಟಿನ ಕೈ ನೋಡಿದ್ದ ಮಾವ, ಸಾಯೂಕ್ಕಿಂತ ಮೊದಲ ಶಾಣ್ಯಾತನ ಮಾಡಿ ಸೊಸಿ ಹೆಸರಿಗೆ ಬರದಿದ್ದ. ಹಿಂಗಾಗಿ ಬಾಡಿಗಿ ಪತ್ರಕ್ಕ ಆಕಿ ಸಹಿ ಬೇಕಾತು. ಹನ್ನೊಂದು ತಿಂಗಳಷ್ಟ ಅಲಾ, ಆಮ್ಯಾಲ ಬಿಡಸೂಣು ಅಂತ ಸಹಿ ಮಾಡಾಕ ಒಪ್ಪಿದ್ಳು. ಒಪ್ಪೂಮುಂದ ಒಂದು ಹಟ ಹಿಡದ್ಳು. ತಿಂಗಳಾ ಬಾಡಿಗಿ ಜೋಡಿ ಒಂದು ಬುಟ್ಟಿ ಲಿಂಬಿಹಣ್ಣೂ ಕೊಡಬೇಕು, ಅದನ್ನ ಪತ್ರದಾಗ ಬರೀಬೇಕು. ಖಂಡೆಪ್ಪ ನಕ್ಕ. ಬರಿಯೂ ಗುಮಾಸ್ತನೂ ನಕ್ಕ. ಬಾಳಮ್ಮ ಪೆನ್ನು ಮುಟ್ಟಲಿಲ್ಲ. ಕಡೀಕ ಬರದ್ರು: ಬಾಡಿಗಿ ಅಂದ್ರ ಇಷ್ಟು ರೂಪಾಯಿ ಮತ್ತ ಒಂದು ಬುಟ್ಟಿ ಲಿಂಬಿ. ಎಂಥಾ ಹಕ್ಕು ಗಳಿಸಿದೆ ನೋಡ್ರಿ ಅಂತ ಆಕಿ ಊರೆಲ್ಲಾ ಹೇಳ್ಕೊಂಡು ಬಂದ್ಳು. ಹನ್ನೊಂದು ತಿಂಗಳು ಮುಗದ್ವು, ಪತ್ರ ಯಾರೂ ಹೊಸದು ಮಾಡಲಿಲ್ಲ, ಬಾಡಿಗಿ ಮಾತ್ರ ತಿಂಗಳಿಂದ ತಿಂಗಳಿಗೆ ತನ್ನಷ್ಟಕ್ಕ ತಾನ ನಡಕೊಂಡು ಹೋತು.

ಸಿದ್ದಾರೂಢ ಕೆಟ್ಟಾಂವ ಆಗಿದ್ರ ಬಾಳಮ್ಮನ ಕೆಲಸ ಹಗರ ಆಗ್ತಿತ್ತು. ಅಂವ ಬಾಡಿಗಿ ಒಂದು ದಿನ ತಡಾ ಮಾಡಿದಾಂವ ಅಲ್ಲ. ಬೆಳ್ಳನ ಅಂಗಿ, ಹಣೀಗೆ ವಿಭೂತಿ, ಮಾತಿಗೊಮ್ಮೆ ಅಕ್ಕಾರ. ಖೋಲಿ ಬಿಡು ಅಂತ ಆಕಿ ಯಾವಾಗ ಕೇಳಿದ್ರೂ ಇಲ್ಲ ಅಂದಾಂವನೂ ಅಲ್ಲ. ಈ ಸೀಜನ್ ಒಂದು ಮುಗೀಲಿ ಅಕ್ಕಾರ, ಅಂತಿದ್ದ. ಇಂಡ್ಯಾಗ ಲಿಂಬಿ ಸೀಜನ್ ಮುಗದದ್ದು ಯಾರರೆ ನೋಡ್ಯಾರೇನು? ಮಳಿಗಾಲದ ಹಣ್ಣು ಇಳೀತು ಅನ್ನೂದ್ರಾಗ ಚಳಿಗಾಲದ್ದು ಬರ್ತೈತಿ, ಅದರ ಬೆನ್ನಿಗೆ ಬ್ಯಾಸಗಿದು, ಆಗಂತೂ ದರ ಮುಗಿಲಿಗೆ. ಊರಿಗೆ ಬರೂ ಟೆಂಪೋ ಎಲ್ಲಾ ಆ ಖೋಲಿ ಮುಂದನ ಹಾಯಬೇಕು. ರೈತರು ಮಾರ್ಕೆಟ್ ಯಾರ್ಡ್ ಮುಟ್ಟೂಕ್ಕಿಂತ ಮೊದಲ ಸಿದ್ದಾರೂಢ ಅವ್ರನ್ನ ಚಾಕ್ಕ ಕರದು ಕುಂಡ್ರಸಿರ್ತಿದ್ದ. ಯಾರ್ಡಿನ್ಯಾಗ ಅವನದೂ ಒಂದು ಅಂಗಡಿ ಇತ್ತು, ಅದಕ್ಕ ಜೇಡ ಬಲಿ ಕಟ್ಟಿತ್ತು.

ಇದರಾಗ ಖಂಡೆಪ್ಪ ಯಾರ ಕಡೆ? ಕೇಳೂದ ಬ್ಯಾಡ. ಮುಂಜಾನೆ ನಾಷ್ಟಾ ಆದಕೂಡಲೆ ಮನ್ಯಾಗ ಇದ್ದ ಒಂದ ಒಂದು ಖುರ್ಚಿ, ಕೈ ಇರೂದು, ಎತಗೊಂಡು ಹೋಗಿ ಸಿದ್ದಾರೂಢನ ಖೋಲಿಯಾಗ ಹಾಕಿ, ರಸ್ತೆಕ್ಕ ಮಾರಿ ಮಾಡಿ ಕುಂತು, ಪುಕ್ಕಟ ಪೇಪರ್ ಓದತಿದ್ದ. ಬಾಳಮ್ಮಗ ಹೊಟ್ಟಿ ಉರೀತಿದ್ದದ್ದು ಅದಕ್ಕ. ಆಕಿ ಮನಿ, ಆಕಿ ಖುರ್ಚಿ, ಆಕಿ ಗಂಡ, ಮೂರೂ ರಸ್ತಾ ನೋಡ್ಕೊಂತ ಕುಂತಾವು. ಆಕಿ ಒಬ್ಬಾಕಿ ಎಮ್ಮಿ ನೋಡ್ಕೊಂತ ಕುಂತಾಳ.

ಸಿದ್ದಾರೂಢನ್ನ ಎಬ್ಬಸಾಕ ಮೊದಲ ಆಕಿ ತನ್ನ ದಾರಿ ಹಿಡದ್ಳು. ಅವನ ಖೋಲಿಯ ನಡುಗ್ವಾಡಿಗೆ ಹತ್ತಿ ಒಲಿ ಹೂಡಿ, ಒಣ ಮೆಣಸಿನಕಾಯಿ ಕಮರೂಹಂಗ ಹುರದ್ಳು. ಸಂದಿಯಾಗಿನ ಬೆಕ್ಕು ಸೈತ ಊರು ಬಿಟ್ಟು ಹೋತು. ಸಿದ್ದಾರೂಢ ಕಣ್ಣು ಒರಸ್ಕೊಂತ ಖಂಡೆಪ್ಪನ ಕೈಯಾಗ ಹೇಳಿ ಕಳಸಿದ, ಇಂಥಾ ಘಾಟಿನ ಕಾಯಿ ಯಾರ ಹೊಲದ್ದು ಕೇಳು, ಚಟ್ನಿ ಅರದ್ರ ನಮಗೂ ಚೂರು ಇರಲಿ ಅಂತ. ಎರಡನೇದು, ಸಿಂದಗಿಗೆ ಲಗ್ನಕ್ಕ ಹೋದಾಗ ಪ್ಯಾಟ್ಯಾಗ ಅಂಗೈಯಷ್ಟು ದೊಡ್ಡ ಕೀಲಿ ಒಂದು ಖರೀದಿ ಮಾಡಿಕೊಂಡು ಬಂದ್ಳು. ಸಿದ್ದಾರೂಢ ಸಂಜಿಕೆ ಮನಿಗೆ ಹೋದಮ್ಯಾಲ ಅವನ ಕೀಲಿ ಮ್ಯಾಲ ತನ್ನ ಕೀಲಿ ಜಡಿಯೂ ವಿಚಾರ. ಜಡಿಯೂಕ್ಕಿಂತ ಮೊದಲ ಸಾವಿತ್ರವ್ವನ ಮುಂದ ಬಾಯಿ ಬಿಟ್ಟದ್ದು ಪುಣ್ಯ. ಸಾವಿತ್ರವ್ವನ ತಮ್ಮ ಹಿಂಗ ಬಾಡಿಗಿದಾರನ ಬಾಗಿಲಿಗೆ ಕೀಲಿ ಜಡದು ಪೊಲೀಸ್ ಸ್ಟೇಷನ್ ಬಾಗಿಲು ಕಾದಾಂವ. ಮೊದಲ ಕೋರ್ಟ್ ಹತ್ರ ಕೂಡೂ ವಕೀಲೆ ಮಂಜರಿಯನ್ನ ಕೇಳು, ಆಮ್ಯಾಲ ಏನರೆ ಮಾಡು ಅಂದ್ಳು.

ಮಂಜರಿ ಸಿಂದಗಿ ಹುಡುಗಿ. ಮನ್ಯಾಗ ಮರಾಠಿ, ಕೋರ್ಟಿನ್ಯಾಗ ಕನ್ನಡ, ಸಿಟ್ಟು ಬಂದಾಗ ಎರಡೂ. ಬಾಳಮ್ಮ ಕಥಿ ಹೇಳಿ ಮುಗಸಿ, ಚೀಲದಿಂದ ಕೀಲಿ ತಗದು ಟೇಬಲ್ ಮ್ಯಾಲ ಇಟ್ಟಾಗ, ಆಕಿ ಅದನ್ನ ಎತ್ತಿ ತನ್ನ ಡ್ರಾವರಿನ್ಯಾಗ ಒಗದು ಮುಚ್ಚಿದ್ಳು.

"ಅಂವ ಕಳ್ಳ ಅಲ್ರಿ, ಬಾಡಿಗಿದಾರ. ನೀವು ಇದನ್ನ ಜಡದ್ರ ತಪ್ಪು ನಿಮ್ಮದಾಗ್ತೈತಿ," ಅಂದ್ಳು.

ಆಮ್ಯಾಲ ತಾಳ್ಮಿಲೆ ತಿಳಿಸಿ ಹೇಳಿದ್ಳು. ಮನಿ ನಿಮ್ಮದ ಖರೆ, ಆದ್ರ ಬಾಡಿಗಿಗೆ ಕೊಟ್ಟಿರೂತನಕ ಆ ಖೋಲಿಯಾಗ ಇರೂ ಹಕ್ಕು ಅವನದು. ಕರೆಂಟ್ ತಗೀಬಾರದು, ಸಾಮಾನು ಹೊರಗ ಒಗೀಬಾರದು, ಕೀಲಿ ಹಾಕಬಾರದು. ಬಿಡು ಅಂತ ಬಾಯಿಲೆ ಹತ್ತು ವರ್ಷ ಹೇಳಿದ್ರೂ ಅದು ಹೇಳಿದಂಗ ಅಲ್ಲ. ಬರದು, ಸಹಿ ಮಾಡಿ ನೋಟಿಸು ಕೊಡಬೇಕು. ತಿಂಗಳಿಂದ ತಿಂಗಳಿಗೆ ನಡಿಯೂ ಬಾಡಿಗಿಗೆ ಹದಿನೈದು ದಿನದ ಗಡುವು ಸಾಕು. ಟಪಾಲಿಲೆ ಕಳಸಬಹುದು, ಇಲ್ಲಾ ಅವನ ಕೈಯಾಗ, ಅವನ ಮನಿಗೆ ಹೋಗಿ ಮನಿಯವ್ರ ಕೈಯಾಗ ಕೊಡಬಹುದು. ಆಮ್ಯಾಲೂ ಅಂವ ಏಳಲಿಲ್ಲ ಅಂದ್ರ ದಾವೆ, ದಾವೆ ಗೆದ್ರ ಕೋರ್ಟಿನವ್ರ ಬಂದು ಬಿಡಸಿಕೊಡ್ತಾರ. ಮತ್ತ ಒಂದು ಮಾತು, ಗಡುವು ಮುಗದಮ್ಯಾಲ ಅವನ ಕಡಿಂದ ಬಾಡಿಗಿ ತಗೋಬ್ಯಾಡ್ರಿ. ತಗೊಂಡ್ರ, ನೋಟಿಸು ಕೊಟ್ಟವ್ರ ಅದನ್ನ ಕೈಬಿಟ್ರು ಅಂತ ಅವನ ವಕೀಲ ವಾದ ಹೂಡ್ತಾನ, ವರ್ಷಗಟ್ಟಲೆ ಎಳೀತಾನ. ಹಳೀ ಪತ್ರ ಐತೇನು ಅಂತ ಮಂಜರಿ ಕೇಳಿದ್ಳು. ಅದರ ಅವಧಿ ಯಾವತ್ತೋ ಮುಗದು ಹೋಗೇತಿ, ಈಗ ಅದರಾಗೇನೈತಿ, ಅಂದು ಬಾಳಮ್ಮ ಎದ್ದು ಬಂದ್ಳು. ನೆನಪಿರಲಿ, ತಪ್ಪು ಆದದ್ದು ಇಲ್ಲೆ.

ನೋಟಿಸು ಹೋತು. ಸಿದ್ದಾರೂಢ ನಕ್ಕೋಂತ ಸಹಿ ಮಾಡಿ ತಗೊಂಡು, ಖಂಡೆಪ್ಪನಿಗೆ ದೊಡ್ಡ ದನಿಲೆ ಓದಿ ಹೇಳಿ, ಭಾಷಾ ಭಾಳ ಚೊಲೊ ಐತಿ ಅಂದ. ಗಡುವು ಮುಗೀತು. ತಿಂಗಳ ಮೊದಲಿಗೆ ಎಂದಿನಂಗ ಬಾಡಿಗಿ ರೊಕ್ಕ ಖಂಡೆಪ್ಪನ ಕೈಯಾಗ ಬಂತು. ಬಾಳಮ್ಮ ಅದನ್ನ ಮುಟ್ಟಲಿಲ್ಲ, ನೋಡಲೂ ಇಲ್ಲ, ಬಂದ ಕೈಯಾಗ ಹೊಳ್ಳಿ ಕಳಸಿದ್ಳು. ಸಾವಿತ್ರವ್ವಗ ಅದನ್ನ ಎರಡು ಸಲ ಹೇಳಿದ್ಳು, ಹೆಂಗ ಕಳಸಿದೆ ಅಂತ ಕೈ ಮಾಡಿ ತೋರಿಸಿದ್ಳು.

ಆ ಸಂಜಿಕೆ ಸಿದ್ದಾರೂಢನ ಹೆಂಡತಿ ಸುನಂದಾ ಎಂದಿನಂಗ ಬುಟ್ಟಿ ಹೊತಗೊಂಡು ಹಿತ್ತಲಕ್ಕ ಬಂದ್ಳು. ಅಬ್ಬಾ, ಏನು ಹಣ್ಣು! ತೆಳ್ಳನ ಸಿಪ್ಪಿ, ಹಳದಿ ಬಣ್ಣ, ಮೂಗಿನ ಹತ್ರ ತರೂದ್ರಾಗ ಬಾಯಾಗ ನೀರು. ಆ ತಿಂಗಳು ಆರಿಸಿ ಆರಿಸಿ ಕಳಸಿದ್ದ ಆ ಶಾಣ್ಯಾ. ಬಾಳಮ್ಮ ಬುಟ್ಟಿ ಇಳಸ್ಕೊಂಡ್ಳು. ರೊಕ್ಕ ಅಂದ್ರ ಬಾಡಿಗಿ, ಹಣ್ಣು ಅಂದ್ರ ಹಣ್ಣು. ಅದರಾಗ ಆಕಿಗೆ ಸಂಶಯನ ಬರಲಿಲ್ಲ. ತೊಳದ್ಳು, ಒರಸಿದ್ಳು, ಹೆಚ್ಚಿದ್ಳು, ಉಪ್ಪು ಹಾಕಿ ಬಿಸಲಿಗೆ ಇಟ್ಳು, ಖಾರ ಕಲಸಿದ್ಳು. ಬುಟ್ಟಿ ಹೊಳ್ಳಿ ಕೊಡಬೇಕಲ್ಲ? ಖಾಲಿ ಬುಟ್ಟಿ ಕೊಟ್ಟು ರೂಢಿ ಇಲ್ಲ ನಮ್ಮ ಕಡೆ. ಅದರಾಗ ಹೊಸ ಉಪ್ಪಿನಕಾಯಿದ ಒಂದು ಭರಣಿ ಇಟ್ಟು, ಖಂಡೆಪ್ಪನ ಕೈಯಾಗ ಕೊಟ್ಟು ಕಳಸಿದ್ಳು.

ಸ್ವಲ್ಪ ದಿನಕ್ಕ ಸಿದ್ದಾರೂಢನ ವಕೀಲನಿಂದ ಮಂಜರಿಗೆ ಉತ್ತರ ಬಂತು. ಮಂಜರಿ ಬಾಳಮ್ಮನ್ನ ಕರಿಸಿ, ಎದುರು ಕುಂಡ್ರಿಸಿ, ಓದಿದ್ಳು:

"ಗಡುವು ಮುಗಿದ ತರುವಾಯವೂ ಸದರಿ ಬಾಳಮ್ಮನವರು ಬಾಡಿಗೆಯ ಬಾಬ್ತು ಲಿಂಬೆಹಣ್ಣನ್ನು ಮನಃಪೂರ್ವಕ ಸ್ವೀಕರಿಸಿ, ಹೆಚ್ಚಿ, ಉಪ್ಪು ಖಾರ ಬೆರೆಸಿ, ಅದರಲ್ಲಿಯೇ ಒಂದು ಭರಣಿಯನ್ನು ನಮ್ಮ ಕಕ್ಷಿದಾರರಿಗೆ ಕೊಟ್ಟು, ಬಾಡಿಗೆಯನ್ನು ಮುಂದುವರಿಸಿರುತ್ತಾರೆ. ಸದರಿ ಭರಣಿಯು ಪುರಾವೆಯಾಗಿ ನಮ್ಮ ಬಳಿ ಇರುತ್ತದೆ."

ಜೋಡಿಗೆ ಹಳೀ ಬಾಡಿಗಿ ಪತ್ರದ ನಕಲು ಲಗತ್ತಿಸಿದ್ರು. ಬಾಡಿಗಿ ಅಂದ್ರ ಇಷ್ಟು ರೂಪಾಯಿ ಮತ್ತ ಒಂದು ಬುಟ್ಟಿ ಲಿಂಬಿ. ಕೆಳಗ ಬಾಳಮ್ಮನ ಸಹಿ, ಹಟ ಹಿಡದು ಬರಸಿದಾಕೀದು.

ಮಂಜರಿ ಹಣಿ ಹಿಡಕೊಂಡ್ಳು. ಇದನ್ನ ನನಗ್ಯಾಕ ಹೇಳಲಿಲ್ಲ ಅಂತ ಮೊದಲ ಕನ್ನಡದಾಗ, ಆಮ್ಯಾಲ ಮರಾಠಿಯಾಗ ಕೇಳಿದ್ಳು. ಬಾಡಿಗಿ ರೊಕ್ಕನ ಆಗಿರಬೇಕಂತ ಇಲ್ಲ, ಹಣ್ಣಾದ್ರೂ ಕಾಳಾದ್ರೂ ಒಪ್ಪಿ ಬರದಮ್ಯಾಲ ಅದೂ ಬಾಡಿಗಿ. ಬಾಳಮ್ಮ ತಗ್ಗಿದ ತಲಿ ಎತ್ತಲಿಲ್ಲ. ಆಕಿಗೆ ನಾಚಿಕಿ ಆಗಿತ್ತು, ಅದಕ್ಕಿಂತ ಹೆಚ್ಚು, ಆ ಭರಣಿ ವಕೀಲನ ಕಪಾಟಿನ್ಯಾಗ ಯಾರೂ ಮುಟ್ಟದ ಹಂಗ ಕುಂತಿರತೈತಲ್ಲ ಅಂತ ಜೀವ ಮರಗತಿತ್ತು. ಬಿಸಲು ಕಾಣದ ಉಪ್ಪಿನಕಾಯಿಗೆ ಬೂಸಲು ಬರ್ತೈತಿ ಅಂತ ಆಕಿ ಅನ್ನೂದ್ರಾಗ ಮಂಜರಿ ಹೊಸ ಹಾಳಿ ತಗದು ಬರಿಯಾಕ ಹತ್ತಿದ್ಳು.

ಆ ಲಿಂಬಿ ಬಾಡಿಗಿ ಹೌದೋ ಅಲ್ಲೋ ಅನ್ನೂ ಜಗಳದಾಗ ವರ್ಷ ಕಳಿಯೂಕ್ಕಿಂತ ಹೊಸ ನೋಟಿಸು ಕೊಡೂದ ಪಾಡು ಅಂತ ನಿಕ್ಕಿ ಆತು. ಈ ಸಲ ಸಿದ್ದಾರೂಢ ಶಾಣ್ಯಾತನ ಬದಲಿಸಿದ. ನೋಟಿಸು ಬ್ಯಾಡ ಅಂದ್ರ ಅದು ಮುಟ್ಟಿದಂಗ ಅಂತ ಅವನ ವಕೀಲ ಹೇಳಿದ್ದ. ಹಿಂಗಾಗಿ ಬ್ಯಾಡ ಅನ್ನಲಿಲ್ಲ, ಸಿಗಲ ಇಲ್ಲ. ಟಪಾಲಿನವನ ಸೈಕಲ್ ಮೂಲಿಯಾಗ ಕಂಡ್ರ ಸಾಕು, ಖಂಡೆಪ್ಪನ್ನೂ ಎಬ್ಬಿಸಿಕೊಂಡು, ಬಾಗಿಲು ಎಳದು, ಎದುರಿನ ಚಾದಂಗಡಿಯಾಗ ಹೋಗಿ ಬೆನ್ನು ಹಾಕಿ ಕೂಡತಿದ್ದ. ಬಾಗಿಲು ಹಾಕೇತಿ ಅಂತ ಬರಸ್ಕೊಂಡು ನೋಟಿಸು ಹೊಳ್ಳಿ ಬಂತು. ಮತ್ತ ಕಳಸಿದ್ರು, ಮತ್ತ ಬಂತು. ಬಾಳಮ್ಮ ಗಂಡಗ, ನೀ ಯಾರ ಮನಿ ಅನ್ನ ಉಣ್ತೀ ಅಂತ ಕೇಳಿದ್ಳು. ಚಾ ಅವ್ರ ಕುಡಸ್ತಾರಲ್ಲ, ಅಂದ ಖಂಡೆಪ್ಪ.

ಬುಟ್ಟಿ ಮಾತ್ರ ತಪ್ಪಲಿಲ್ಲ. ಈ ಸಲ ಒಂದು ಹಣ್ಣೂ ಒಳಗ ಹೋಗಬಾರದು ಅಂತ ಮಂಜರಿ ಆಣಿ ಹಾಕಿಸಿದ್ಳು. ಬ್ಯಾಡ ತಾಯಿ ಅಂತ ಬಾಳಮ್ಮ ಎಷ್ಟು ಹೇಳಿದ್ರೂ ಸುನಂದಾ ಕೇಳಲಿಲ್ಲ. ಹೊಳ್ಳಿ ತರಬಾರದು ಅಂದಾರ್ರಿ ಅವ್ರು, ಅಂತ ಹಿತ್ತಲ ಕಟ್ಟಿ ಮ್ಯಾಲ ಇಟ್ಟು, ತಲಿ ಬಗ್ಗಿಸಿ ಹೋದ್ಳು. ಆಕಿಗೂ ಅದು ಸೇರಿರಲಿಲ್ಲ ಅನ್ನೂದು ಆಕಿ ನಡಿಗಿಯೊಳಗ ಗೊತ್ತಾಗ್ತಿತ್ತು.

ಸಿದ್ದಾರೂಢಗ ಬಾಳಮ್ಮನ ಗುಟ್ಟು ಗೊತ್ತಿತ್ತು. ಈ ಹೆಣ್ಮಗಳು ಸಿಟ್ಟು ತಡೀತಾಳ, ಹಸಿವಿ ತಡೀತಾಳ, ಹಣ್ಣು ಕೆಡೂದನ್ನ ತಡ್ಕೊಳ್ಳೂದಿಲ್ಲ. ಒಂದು ದಿನ ಆತು, ಬಾಳಮ್ಮ ಬುಟ್ಟಿಗೆ ಬೆನ್ನು ಹಾಕಿ ಕುಂತ್ಳು. ಮರುದಿನ ಬಿಸಲು ಬಿತ್ತು. ಆಕಿ ಕೈಯಾಗ ಒದ್ದಿ ಅರಿವಿ ಹಿಡಕೊಂಡು ಬುಟ್ಟಿತನಕ ಹೋಗಿ, ಅರಿವಿ ಮುಚ್ಚಿದ್ರ ಅದೂ ತಗೊಂಡಂಗ ಆಗ್ತೈತೇನೋ ಅಂತ ಹೊಳ್ಳಿ ಬಂದ್ಳು. ಎದುರು ಮನಿ ಮುಬೀನಾ, ಹೊಲಿಗಿ ಮಷಿನ್ ಇಟಗೊಂಡಾಕಿ, ಉಪ್ಪಿನಕಾಯಿಗಂತ ಬಂದು, ಇಷ್ಟು ಚಂದದ ಹಣ್ಣು ಯಾಕ ಒಣಗಸಾಕತ್ತೀರಿ ಅಂದಾಗ, ಬಾಳಮ್ಮನ ಕಣ್ಣಾಗ ಖರೇನ ನೀರು ಬಂದ್ವು. ಖಂಡೆಪ್ಪ ಒಂದು ಹಣ್ಣು ಎತ್ತಿ ಶರಬತ್ತಿಗೆ ಹಿಂಡಾಕ ಹೋಗಿದ್ದ, ಅವನ ಕೈಗೆ ಸೌಟು ಬಿತ್ತು.

ಸೋಲೂ ಹಂತಕ್ಕ ಬಂದಿದ್ಳು ಆಕಿ. ನಾನರೆ ಅಲ್ಲೆ ಇದ್ದಿದ್ರ ಸೋತ ಬಿಡ್ತಿದ್ದೆ. ಆಕಿ ಆ ಬುಟ್ಟಿಯನ್ನ ನೋಡ್ಕೊಂತ ಕುಂತು, ಇದನ್ನ ತಿನ್ನಾಕ ಆಗೂದಿಲ್ಲ, ಕೆಡಸಾಕ ಆಗೂದಿಲ್ಲ, ಹೊಳ್ಳಿ ಇಸ್ಕೊಳ್ಳಾಕ ಅವ್ರು ಒಪ್ಪೂದಿಲ್ಲ, ಇನ್ನ ಅವ್ರು ಬ್ಯಾಡ ಅನ್ನದ ಹಂಗ ಇದನ್ನ ಹೆಂಗ ಕೊಡೂದು ಅಂತ ವಿಚಾರ ಮಾಡಿದ್ಳು. ಆಮ್ಯಾಲ ಮಾರಿ ತೊಳಕೊಂಡು, ಸೀರಿ ಬದಲಿಸಿ, ಮಂಜರಿ ಕಡೆ ನಡದ್ಳು.

ಮನಿಗೆ ಹೋಗಿ ಹೆಂಡತಿಗೆ ನೋಟಿಸು ಕೊಟ್ರ ನಡೀತೈತಿ ಅಂದಿದ್ರಲ್ಲ, ಖರೇನ ಅಂತ ಕೇಳಿದ್ಳು. ನಡೀತೈತಿ, ಸಾಕ್ಷಿ ಇರಬೇಕು, ಆದ್ರ ಗಂಡ ಕಲಿಸಿಕೊಟ್ಟಿರ್ತಾನ, ಆಕಿ ಕೈ ಒಡ್ಡೂದಿಲ್ಲ ಅಂದ್ಳು ಮಂಜರಿ.

"ಕೈ ಯಾಕ್ರಿ ಬೇಕು?" ಅಂದ್ಳು ಬಾಳಮ್ಮ. "ಉಡಿ ಒಡ್ಡಸ್ತೇನಿ."

ಮಂಜರಿ ನಗಾಕ ಹತ್ತಿದ್ಳು, ನಕ್ಕು ನಕ್ಕು ಕೈಯಾಗಿನ ಚಾ ಫೈಲಿನ ಮ್ಯಾಲ ಚೆಲ್ಲಿತು. ನಕ್ಕದ್ದು ಮುಗದಮ್ಯಾಲ ನೋಟಿಸಿನ ಎರಡು ಪ್ರತಿ ತಗದು ಕೊಟ್ಳು. ಮಾತು ಸ್ವಚ್ಛ ಇರಲಿ, ಏನು ಕೊಡಾಕತ್ತೀನಿ ಅಂತ ಬಾಯಿ ಬಿಟ್ಟು ಹೇಳಿ ಕೊಡ್ರಿ, ಮೋಸ ಬ್ಯಾಡ ಅಂತ ತಾಕೀತು ಮಾಡಿದ್ಳು.

ಶುಕ್ರವಾರ ಮಧ್ಯಾಹ್ನ ಬಾಳಮ್ಮ ಇಳಕಲ್ಲ ಸೀರಿ ಉಟ್ಟು, ಮೂಗಿನ್ಯಾಗ ನತ್ತು ಇಟಗೊಂಡು, ಬುಟ್ಟಿ ಸೊಂಟದ ಮ್ಯಾಲ ಹೊತ್ತು ಹೊಂಟ್ಳು. ಒಂದು ಕಡೆ ಸಾವಿತ್ರವ್ವ, ಇನ್ನೊಂದು ಕಡೆ ಮುಬೀನಾ, ಇಬ್ರೂ ಸಾಕ್ಷಿ. ಸಿದ್ದಾರೂಢನ ಮನಿ ಹಿಂದಿನ ಓಣಿಯಾಗ. ಅಂವ ಬಾಡಿಗಿ ಖೋಲಿಯಾಗ ಕುಂತು ಟಪಾಲಿನವನ ಸೈಕಲ್ ಕಾಯಾಕತ್ತಿದ್ದ. ಸುನಂದಾ ಬಾಗಿಲು ತಗದು, ಬಂದವ್ರ ಸಿಂಗಾರ ನೋಡಿ ಬೆರಗಾಗಿ, ಕಾಲಿಗೆ ನೀರು ಕೊಟ್ಳು. ನಿನಗ ಉಡಿ ತುಂಬೂದೈತಿ, ಮಣಿ ಹಾಕಿ ಕುಂಡ್ರವಾ, ಅಂದ್ಳು ಬಾಳಮ್ಮ. ಶುಕ್ರವಾರ ಮನಿತನಕ ಬಂದು ಹಿರೇ ಮುತ್ತೈದಿ ಉಡಿ ತುಂಬತೀನಿ ಅಂದ್ರ ಒಲ್ಲೆ ಅನ್ನೂ ಹೆಣ್ಮಗಳು ಇಂಡ್ಯಾಗೂ ಇಲ್ಲ, ಮುದ್ದೇಬಿಹಾಳದಾಗೂ ಇಲ್ಲ. ಆಕಿ ಮಣಿ ಮ್ಯಾಲ ಕುಂತು ಸೆರಗು ಒಡ್ಡಿದ್ಳು.

ಬಾಳಮ್ಮ ಕುಂಕುಮ ಹಚ್ಚಿದ್ಳು. ಅಕ್ಕಿ ಹಾಕಿದ್ಳು, ಖಣ ಇಟ್ಳು, ಟೆಂಗಿನಕಾಯಿ, ಎಲಿ ಅಡಿಕಿ, ಅರಿಷಿಣ ಕೊಂಬು. ಅದರ ಮ್ಯಾಲ ಮಡಚಿದ ಕಾಗದ ಇಟ್ಟು, ಬುಟ್ಟಿ ಎತ್ತಿ ಲಿಂಬಿ ಅಷ್ಟೂ ಸುರುವಿದ್ಳು.

"ಕಾಗದ ನಿನ್ನ ಗಂಡಗ ಕೊಟ್ಟ ನೋಟಿಸು," ಅಂದ್ಳು. "ಲಿಂಬಿ ನಿಮ್ಮವ. ಉಪ್ಪು ಹಚ್ಚಿಲ್ಲ, ಎಣಿಸಿ ನೋಡು."

ಸುನಂದಾಗ ಏನೂ ತಿಳೀಲಿಲ್ಲ, ಆಮ್ಯಾಲ ಎಲ್ಲಾ ತಿಳೀತು. ತುಂಬಿದ ಉಡಿ ಚೆಲ್ಲೂಹಂಗಿಲ್ಲ. ಎದ್ದು ಒಗದ್ರ ಸೌಭಾಗ್ಯನ ಒಗದಂಗ. ಎರಡೂ ಕೈಲೆ ಸೆರಗು ಅವಚಿ ಹಿಡಕೊಂಡು, ಭಾರಕ್ಕ ಬಗ್ಗಿ, ಆಕಿ ಬಾಳಮ್ಮನ ಮಾರಿ ನೋಡಿದ್ಳು. ನಮ್ಮ ಕಡೆ ಮನಿಯಿಂದ ಹೊಂಟ ಹೆಣ್ಮಕ್ಕಳಿಗೆ ಉಡಿ ತುಂಬಿ ಕಳಸ್ತಾರ. ಅದು ಆಕಿಗೆ ಹೊಳದಿತ್ತು.

"ಅಕ್ಕಾರ, ನನ್ನ ಕಳಸಾಕ ಬಂದೀರೇನು?"

"ಮಗಳನ್ನ ಕಳಸಿದಂಗ ಕಳಸಾಕತ್ತೇನಿ. ಸಿಟ್ಟಿಲೆ ಅಲ್ಲ. ನಿನ್ನ ಗಂಡನ್ನ ಕರಕೊಂಡು ಹೋಗು ತಾಯಿ, ಅಷ್ಟ."

ಹೇಳೂಮುಂದ ಬಾಳಮ್ಮ ಉಡಿಯಿಂದ ಜಾರಿದ ಒಂದು ಲಿಂಬಿ ಎತ್ತಿ ಹೊಳ್ಳಿ ಇಟ್ಳು. ಉಪಾಯ ಹೂಡಿ ಬಂದಾಕಿಗೆ ಈ ಸಂಕಟ ಲೆಕ್ಕದಾಗ ಇರಲಿಲ್ಲ. ಇಷ್ಟು ವರ್ಷ ತಿಂಗಳಾ ಬುಟ್ಟಿ ತಂದ ಹೆಣ್ಮಗಳು, ಇಬ್ರೂ ಕೂಡಿ ಹಿತ್ತಲದಾಗ ಎಷ್ಟು ಸಂಜಿ ಮಾತಾಡ್ಯಾರ. ಸುನಂದಾ ಉಡಿ ಹೊತ್ತು, ದೇವರ ಖೋಲಿಗೆ ಹೋದ್ಳು. ಮುಬೀನಾ ಮೂಗು ಒರಸ್ಕೊಂಡ್ಳು, ಆಮ್ಯಾಲ ಪ್ರತಿ ಮ್ಯಾಲ ಸಾಕ್ಷಿ ಸಹಿ ಹಾಕಿದ್ಳು.

ಗಡುವು ಮುಗದು ಹೊಸ ತಿಂಗಳು ಹುಟ್ಟಿತು. ಸಿದ್ದಾರೂಢ ಬುಟ್ಟಿ ತುಂಬಿಸಿ ಹೆಂಡತಿ ಮುಂದ ಇಟ್ಟ. ಉಡಿ ತುಂಬಿ ಕಳಸಿದ ಮನಿಗೆ ಬಾಡಿಗಿ ಹೊತಗೊಂಡು ನಾ ಹೋಗೂದಿಲ್ಲ, ನೀವ ಹೋಗ್ರಿ ಅಂತ ಆಕಿ ಒಳಗ ಹೋಗಿ ಬಾಗಿಲು ಹಾಕ್ಕೊಂಡ್ಳು. ಖಂಡೆಪ್ಪಗ ಹೇಳಿದ್ರ, ಅಂವ ಸೌಟಿನ ನೆನಪು ಮಾಡಿಕೊಂಡು ಪೇಪರಿನ್ಯಾಗ ಮಾರಿ ಮುಚ್ಚಿದ. ಹಿಂಗಾಗಿ ಸಿದ್ದಾರೂಢ ತಾನ ಬುಟ್ಟಿ ಹೊತ್ತ.

ಇಷ್ಟು ವರ್ಷ ಆ ಮನ್ಯಾಗ ಬಾಡಿಗಿ ಇದ್ದಾಂವ, ಸಂದಿಯಾಗ ಕಾಲಿಟ್ಟದ್ದು ಅವತ್ತ ಮೊದಲು. ಬೆಳ್ಳನ ಅಂಗಿ ಗ್ವಾಡಿಗೆ ತಿಕ್ಕಬಾರದಂತ ಅಡ್ಡ ಹೊಳ್ಳಿ ನಡದ. ಎಮ್ಮಿ ಬಾಲ ಬೀಸಿತು. ಎಮ್ಮಿಗೆ ಅಂಗಿ ಯಾರದು ಅಂತ ಏನು ಗೊತ್ತು? ಅಂವ ಹಿಂದ ಸರದ, ಒಂದು ಕಾಲು ಗಟಾರದಾಗ ಹೋತು, ಬುಟ್ಟಿ ಬಿತ್ತು, ಲಿಂಬಿ ಎಲ್ಲಾ ಗಟಾರದ ಕರೀ ನೀರಾಗ ಸಾಲು ಹಿಡದು ತೇಲಿಕೊಂತ ಹೊಂಟ್ವು. ಬಾಳಮ್ಮ ಸ್ಟೂಲ್ ಬಿಟ್ಟು ಏಳಲಿಲ್ಲ. ಒಂದು ತಂಬಿಗಿ ನೀರು ಮುಂದ ಸರಿಸಿದ್ಳು, ಕಾಲು ತೊಳಕೊಳ್ರಿ ಅಂದ್ಳು. ನೀರು ಕೊಡೂದಕ್ಕ ಕಾನೂನು ಅ‌ಡ್ಡ ಬರೂದಿಲ್ಲ ಅಂತ ಆಕಿ ಮಂಜರಿಯನ್ನ ಮೊದಲ ಕೇಳಿ ಇಟ್ಟಿದ್ಳು.

ಸಿದ್ದಾರೂಢ ಕಾಲು ತೊಳಕೊಂತ ಸುತ್ತ ನೋಡಿದ. ಗಿಡ್ಡ ಸ್ಟೂಲು, ಎದುರು ಎಮ್ಮಿ, ಬಗಲಾಗ ಗಟಾರ, ಮ್ಯಾಲ ಅಂಗೈ ಅಗಲ ಬಿಸಲು, ಆ ಬಿಸಲಿಗೆ ಸಾಲಾಗಿ ಇಟ್ಟ ಭರಣಿ.

"ಇಲ್ಲೇ ಕೂಡ್ತೀರೇನು ಅಕ್ಕಾರ?" ಅಂದ. ಖರೇನ ಗೊತ್ತಿಲ್ಲದ ಕೇಳಿದ.

"ಇಲ್ಲೇ. ನೀವು ಬಂದಾಗಿಂದ ಇಲ್ಲೇ, ನೀವು ಬರೂಕ್ಕಿಂತ ಮೊದಲೂ ಇಲ್ಲೇ," ಅಂದ್ಳು ಬಾಳಮ್ಮ. "ನನ್ನ ಮನಿ ಮುಂದಿನ ರಸ್ತಾ ಹ್ಯಾಂಗೈತಿ ಅಂತ ನೋಡಾಕ ನಾನ ನಿಮಗ ಬಾಡಿಗಿ ಕೊಡಬೇಕೇನ್ರಿ?"

ಸಿದ್ದಾರೂಢ ಅಲ್ಲೆ ನಿಂತ ನಿಲುವಿಲೆ ಪುಣ್ಯಾತ್ಮ ಆದ ಅಂತ ತಿಳೀಬ್ಯಾಡ್ರಿ. ಈ ಸಲ ಭರಣಿ ಇಲ್ಲ, ಕೋರ್ಟಿಗೆ ಹೋದ್ರ ಏಳೂದ ಆಗ್ತೈತಿ ಅಂತ ಅವನ ವಕೀಲ ಹೇಳಿಬಿಟ್ಟಿದ್ದ, ಮನ್ಯಾಗ ಹೆಂಡತಿ ಮಾತು ಬಿಟ್ಟಿದ್ಳು. ಆದ್ರ ನಾಚಿಕಿ ಬಂತು, ಅದು ಸುಳ್ಳಲ್ಲ. ಯಾರ್ಡಿನ ಅಂಗಡಿ ಕಸ ಹೊಡಸಾಕ ಸ್ವಲ್ಪ ದಿನ ಕೊಡ್ರಿ, ಬಿಡ್ತೇನಿ ಅಂದ. ಬಾಳಮ್ಮ ಈ ಮಾತು ಭಾಳ ಸಲ ಕೇಳಿದಾಕಿ. ಬರದು ಕೊಡ್ರಿ ಅಂದ್ಳು. ಅಂವ ಮಂಜರಿ ಟೇಬಲ್ ಮ್ಯಾಲ ಕುಂತು ಬರದು ಕೊಟ್ಟ, ಹೇಳಿದ ದಿನಕ್ಕ ಕೀಲಿಕೈ ಒಪ್ಪಿಸಿದ. ಮಂಜರಿ ಡ್ರಾವರ್ ತಗದು, ಸಿಂದಗಿಯ ಆ ದೊಡ್ಡ ಕೀಲಿಯನ್ನ ಬಾಳಮ್ಮಗ ಹೊಳ್ಳಿ ಕೊಟ್ಳು. ಇನ್ನ ಎಲ್ಲಿ ಬೇಕಾದಲ್ಲಿ ಹಾಕ್ಕೊಳ್ರಿ ಅಂದ್ಳು.

ಖೋಲಿಗೆ ಸುಣ್ಣ ಆತು, ಬಾಗಿಲ ಮ್ಯಾಲ ಬಾಳಮ್ಮನ ಉಪ್ಪಿನಕಾಯಿ ಅಂತ ಬೋರ್ಡು ಬಂತು. ಕೈ ಇರೂ ಖುರ್ಚಿಯನ್ನ ಬಾಳಮ್ಮ ಖಂಡೆಪ್ಪನ ಕೆಳಗಿಂದ ಎಳಕೊಂಡ್ಳು. ಸೋಮವಾರ ಮುಂಜಾನೆ ಭರಣಿ ಜೋಡಿಸಿ, ಸೆರಗು ಸರಿ ಮಾಡಿಕೊಂಡು, ರಸ್ತೆಕ್ಕ ಮಾರಿ ಮಾಡಿ ಕುಂತ್ಳು. ಸಾಲಿ ಹುಡುಗ್ರು ಹೋದ್ರು. ಸಿಂದಗಿ ಬಸ್ಸು ಹೋತು. ಲಿಂಬಿ ತುಂಬಿದ ಟೆಂಪೋ ಒಂದರ ಹಿಂದ ಒಂದು ಯಾರ್ಡಿನ ಕಡೆ ಹೋದ್ವು. ಆಕಿ ಎಲ್ಲಾ ನೋಡಿದ್ಳು. ಕಣ್ಣು ತುಂಬಿ ಬಂದು ಅರ್ಧ ಟೆಂಪೋ ಕಾಣಲ ಇಲ್ಲ.

ಗಿರಾಕಿ ಮಾತ್ರ ಒಬ್ರೂ ಬರಲಿಲ್ಲ. ಬಿಸಲು ಏರಿತು, ಆಗೂ ಬರಲಿಲ್ಲ. ಬೋರ್ಡು ಸೊಟ್ಟ ಆಗೇತೇನೋ ಅಂತ ಹೊರಗ ಇಳದು ನೋಡಿದ್ಳು. ಅಷ್ಟರಾಗ ಮನಿ ಹಿಂದಿಂದ ಗದ್ದಲ ಕೇಳಿತು. ಹೋಗಿ ನೋಡ್ತಾಳ, ಊರ ಗಿರಾಕಿ ಎಲ್ಲಾ ಹಳೀ ರೂಢಿ ಮ್ಯಾಲ ಸಂದಿಯಾಗ ಹೊಕ್ಕು, ಗಟಾರ ಜಿಗಿದು, ಹಿತ್ತಲ ಬಾಗಿಲದಾಗ ನಿಂತಾರ. ಖುರ್ಚಿ ಕಳಕೊಂಡ ಖಂಡೆಪ್ಪ ಆಕಿ ಸ್ಟೂಲ್ ಮ್ಯಾಲ ಕುಂತು, ಖಾರ ಕೇಳಿದವ್ರಿಗೆ ಸಿಹಿ, ಸಿಹಿ ಕೇಳಿದವ್ರಿಗೆ ಖಾರ ಕೊಡಾಕತ್ಯಾನ.

ಬಾಳಮ್ಮ ಮಂದಿಯನ್ನ ಹೊರಗ ಕಳಸಿ, ಗಂಡನ್ನ ಎಬ್ಬಿಸಿ, ಸ್ಟೂಲು ಒಳಗ ಎತ್ತಿಟ್ಟು, ಹಿತ್ತಲ ಬಾಗಿಲು ಎಳದು, ಸಿಂದಗಿ ಕೀಲಿ ಜಡದ್ಳು. ನನಗ ನೋಟಿಸು ಕೊಡದ ಎಬ್ಬಿಸಿದೆಲ್ಲ, ಅಂದ ಖಂಡೆಪ್ಪ. ನೀ ಒಂದು ದಿನರೆ ಬಾಡಿಗಿ ಕೊಟ್ಟೀಯೇನು ಅಂತ ಕೇಳಿ ಆಕಿ ಮುಂದಕ್ಕ ನಡದ್ಳು.

ಮನಿ ಸುತ್ತ ಹಾಕ್ಕೊಂಡು ಮುಂಬಾಗಿಲಿಗೆ ಮೊದಲ ಬಂದಾಕಿ ಕೊಲ್ಹಾರದ ಮೊಸರಿನಾಕಿ ನಜಮಾ. ಮೊಸರಿನ ಗಡಗಿ ತಲಿಮ್ಯಾಲ ಹೊತ್ತು ಮೆಟ್ಟಲ ಕೆಳಗ ನಿಂತ್ಳು, ಮ್ಯಾಲ ಬರಲಿಲ್ಲ. ಯಾವ ಊರಾಗೂ, ಯಾರ ಮನಿಗೂ ಆಕಿ ಹಿತ್ತಲ ಬಾಗಿಲಿಗೆ ಹೋಗಿ ರೂಢಿ. ಮುಂದಿಂದ ಬಂದ್ರ ನಡೀತೈತೇನ್ರಿ, ಅಂತ ಸಣ್ಣ ದನಿಲೆ ಕೇಳಿದ್ಳು.

ಬಾಳಮ್ಮ ಒಳಗ ಹೋಗಿ ಹಿತ್ತಲದ ಆ ಗಿಡ್ಡ ಸ್ಟೂಲು ತಂದು ಖುರ್ಚಿ ಬಗಲಾಗ ಹಾಕಿದ್ಳು. ಆಮ್ಯಾಲ ಮನಸ್ಸು ಬದಲಿಸಿ, ಸ್ಟೂಲ್ ಮ್ಯಾಲ ತಾನು ಕುಂತು, ಖುರ್ಚಿಯನ್ನ ರಸ್ತೆ ಕಡೆ ಹೊಳ್ಳಿಸಿ ಆಕಿಗೆ ಕೊಟ್ಳು.

"ಮ್ಯಾಲ ಬಾ," ಅಂದ್ಳು. "ಇಲ್ಲೆ ಕುಂಡ್ರು. ರಸ್ತಾ ಚೊಲೊ ಕಾಣ್ತೈತಿ."